ಗಿಳಿಹಸಿರು ಮೂರು, ನವಿಲುಹಸಿರು ಎಂಟು

ನನಗೆ ಅಂಕಿಗಳಿಗೆ ಬಣ್ಣ ಇದೆ. ಎರಡು ಅರಿಶಿನ, ಮೂರು ಗಿಳಿಹಸಿರು, ನಾಲ್ಕು ನೀಲಿ, ಐದು ದಾಳಿಂಬೆ ಕೆಂಪು, ಆರು ಬೂದಿ, ಏಳು ನೇರಳೆ, ಎಂಟು ನವಿಲುಹಸಿರು. ಸೊನ್ನೆ ಬಿಳಿ. ನಾನಾಗಿ ಕೂತು ಹಚ್ಚಿದ ಬಣ್ಣಗಳಲ್ಲ ಇವು. ಕರಿ ಶಾಯಿಯಲ್ಲಿ ಬರೆದಿದ್ದರೂ ಬರುತ್ತವೆ, ಕತ್ತಲಲ್ಲಿ ಯಾರಾದರೂ ಹೇಳಿದರೂ ಬರುತ್ತವೆ. ಎಲ್ಲರಿಗೂ ಹೀಗೇ ಅಂತ ಹತ್ತನೇ ತರಗತಿವರೆಗೂ ತಿಳಿದುಕೊಂಡಿದ್ದೆ. ಒಂದು ದಿನ ಗೆಳತಿಗೆ “ನಿನ್ನ ರೋಲ್ ನಂಬರ್ ಚಂದ ಐತಿ ನೋಡ, ಬರೇ ಕೆಂಪು” ಅಂದೆ. ಅವಳದು 55. ಜ್ವರ ಬಂದಿದೆಯೇನೋ ಅಂತ ನನ್ನ ಹಣೆ ಮುಟ್ಟಿ ನೋಡಿದಳು.

ಇದಕ್ಕೆ ಸಿನೆಸ್ತೇಷಿಯಾ ಅನ್ನುತ್ತಾರೆ ಅಂತ ಗೊತ್ತಾಗಿದ್ದು ಬಿ.ಎಡ್ ಮಾಡುವಾಗ. ರೋಗವಲ್ಲ. ಒಂದು ಇಂದ್ರಿಯದ ಜೊತೆ ಇನ್ನೊಂದು ತಾನೇ ಎದ್ದು ಬರುತ್ತದೆ, ಅಷ್ಟೇ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1880ರಲ್ಲೇ ಇಂಥವರ ಬಗ್ಗೆ ಬರೆದಿದ್ದ. ಭೌತವಿಜ್ಞಾನಿ ಫೈನ್‌ಮನ್‌ಗೆ ಸಮೀಕರಣದ ಅಕ್ಷರಗಳು ಬಣ್ಣಬಣ್ಣವಾಗಿ ಕಾಣುತ್ತಿದ್ದವಂತೆ. ಮನೆತನದಲ್ಲಿ ಹರಿದು ಬರುವುದೂ ಉಂಟು. ನಮ್ಮವ್ವನಿಗೆ ವಾರಗಳಿಗೆ ಬಣ್ಣ. ಪಂಚಾಂಗದಿಂದ ಬಂದಿದ್ದಿರಬೇಕು ಅಂದುಕೊಂಡೆ. ಆದರೆ ಅವಳ ಗುರುವಾರ ಹಳದಿಯಲ್ಲ, ಬೂದಿ!

ನನ್ನ ಬಣ್ಣಗಳು ಎಲ್ಲಿಂದ ಬಂದವು ಅನ್ನುವುದಕ್ಕೆ ನನ್ನದೇ ಒಂದು ಅನುಮಾನ ಇದೆ. ನಮ್ಮದು ಇಳಕಲ್ಲಿನ ನೇಕಾರರ ಮನೆ. ಅಂಕಿ ಕಲಿತಿದ್ದು ಕುಣಿಮಗ್ಗದ ಪಕ್ಕದಲ್ಲಿ, ನೂಲಿನ ಲಡಿ ಎಣಿಸುತ್ತಾ. 2013ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ 11 ಜನರನ್ನು ಪರೀಕ್ಷಿಸಿದರು. ಅವರ ಅಕ್ಷರಗಳ ಬಣ್ಣ ಚಿಕ್ಕಂದಿನಲ್ಲಿ ಆಡಿದ ಅಯಸ್ಕಾಂತದ ಅಕ್ಷರಗಳ ಬಣ್ಣಕ್ಕೆ ಬಹಳ ಮಟ್ಟಿಗೆ ಹೊಂದಿತ್ತು. ಅವರಿಗೆ ಆಟಿಗೆ, ನನಗೆ ನೂಲು ಅಂತ ಹೇಳಬಹುದಿತ್ತು. ಆದರೆ ನೇರಳೆ ನೂಲು ನಮ್ಮನೆಯಲ್ಲಿ ಇದ್ದ ನೆನಪೇ ಇಲ್ಲ. ಏಳು ಎಲ್ಲಿಂದ ಬಂತೋ.

ಈಗ ನಾನು ಬಾಗಲಕೋಟೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಸಂಜೆ ಮಾಳಿಗೆ ಮೇಲೆ ಬೈನಾಕ್ಯುಲರ್ ಹಿಡಿದು ನಿಲ್ಲುವ ಚಟ ಇದೆ. ನೋಡುವುದು ನಕ್ಷತ್ರವನ್ನಲ್ಲ, ಕಸವನ್ನು. ಸತ್ತ ಉಪಗ್ರಹ, ಉರಿದು ಖಾಲಿಯಾದ ರಾಕೆಟ್ ಕೊಳವೆ. ಸೂರ್ಯ ಮುಳುಗಿದ ಮೇಲೆ ಒಂದೆರಡು ತಾಸು ನಮಗೆ ಕತ್ತಲಾಗಿರುತ್ತದೆ, ಮೇಲಿರುವ ಅವಕ್ಕೆ ಇನ್ನೂ ಬಿಸಿಲು ಬೀಳುತ್ತಿರುತ್ತದೆ. ಆಗ ಕಾಣುತ್ತವೆ. ಮಿಟುಕದೆ ಒಂದೇ ಸಮ ಹೋದರೆ ಉಪಗ್ರಹ ಇರಬಹುದು. ಹೊಳೆದು, ಮಂಕಾಗಿ, ಮತ್ತೆ ಹೊಳೆದರೆ ಬಹುಮಟ್ಟಿಗೆ ಉರುಳಾಡುತ್ತಿರುವ ರಾಕೆಟ್.

ಇವಕ್ಕೆಲ್ಲ ಒಂದೊಂದು ನಂಬರ್ ಇದೆ. ಅಮೆರಿಕದ ಸೇನೆ ಇಟ್ಟಿರುವ ಪಟ್ಟಿ ಅದು. ಸ್ಪುಟ್ನಿಕ್‌ನ ನಂಬರ್ 2. ಅದನ್ನು ಹೊತ್ತೊಯ್ದ ರಾಕೆಟ್‌ನದು 1. ಅಂದರೆ ಪಟ್ಟಿಯ ಮೊದಲ ಹೆಸರೇ ಕಸದ್ದು! ಅವೆರಡೂ ಕೆಲವೇ ತಿಂಗಳಲ್ಲಿ ಬಿದ್ದು ಉರಿದುಹೋದವು. 1958ರ ಮಾರ್ಚ್‌ನಲ್ಲಿ ಹೋದ ವ್ಯಾನ್‌ಗಾರ್ಡ್ 1, ನಂಬರ್ 5, ಇವತ್ತಿಗೂ ಮೇಲೇ ಸುತ್ತುತ್ತಿದೆ.

ನಂಬರ್ ಬಾಯಿಪಾಠ ನನಗೆ ಕಷ್ಟವೇ ಅಲ್ಲ. 25544 ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಅರಿಶಿನ, ಎರಡು ಕೆಂಪು, ಎರಡು ನೀಲಿ. ದಡಿ ಇದ್ದ ಹಾಗೇ ಇದೆ ಅಲ್ವಾ? 22220 ಒಂದು ದೊಡ್ಡ ರಷ್ಯನ್ ರಾಕೆಟ್ ಕೊಳವೆ. ನಾಲ್ಕು ಅರಿಶಿನ, ಕೊನೆಗೊಂದು ಬಿಳಿ. ಇಂಥ ನಲವತ್ತೈವತ್ತು ನಂಬರ್ ಸುಮ್ನೆ ತಲೆಯಲ್ಲಿವೆ. ಸಹೋದ್ಯೋಗಿಗಳು “ಅಕ್ಕೋರದು ಕಂಪ್ಯೂಟರ್ ತಲಿ” ಅನ್ನುತ್ತಿದ್ದರು. ನಾನೂ ಸ್ವಲ್ಪ ಉಬ್ಬಿದ್ದೆ.

ಉಬ್ಬು ಇಳಿದಿದ್ದು ಎನ್ವಿಸ್ಯಾಟ್‌ನಿಂದ. ಅದು ಯುರೋಪಿನ ಉಪಗ್ರಹ, ಎಂಟು ಟನ್ ತೂಕ. 2002ರಲ್ಲಿ ಮೇಲೆ ಹೋಯಿತು, 2012ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಅಂದಿನಿಂದ ಸುಮಾರು 770 ಕಿಲೋಮೀಟರ್ ಎತ್ತರದಲ್ಲಿ ಹೆಣವಾಗಿ ಸುತ್ತುತ್ತಿದೆ. ಒಂಬತ್ತನೇ ತರಗತಿ ಮಕ್ಕಳಿಗೆ ತೋರಿಸುತ್ತೇನೆ ಅಂತ ಮಾತು ಕೊಟ್ಟೆ. ಬೆಳಗ್ಗೆ ಗಡಿಬಿಡಿಯಲ್ಲಿ ನಂಬರ್ ಬರೆದಿಟ್ಟ ಪುಸ್ತಕ ತೆಗೆಯದೆ, ಉಪಗ್ರಹ ಯಾವಾಗ ಕಾಣುತ್ತದೆ ಅಂತ ಹೇಳುವ ಆ್ಯಪಿನಲ್ಲಿ ನೆನಪಿನಿಂದಲೇ ನಂಬರ್ ಒತ್ತಿ ಹೊತ್ತು, ದಿಕ್ಕು ಬರೆದುಕೊಂಡೆ. ಸಂಜೆ ಹದಿನಾಲ್ಕು ಮಕ್ಕಳು ಮಾಳಿಗೆ ಮೇಲೆ. ಹೊತ್ತು ಬಂತು, ಹೋಯಿತು. “ಎಲ್ಲೈತ್ರೀ ಅಕ್ಕೋರ?” ಎಲ್ಲೂ ಇಲ್ಲ. ಕೊನೆಗೆ ಅವ್ವ ಕೊಟ್ಟ ಚುರುಮುರಿ ತಿಂದು ಮನೆಗೆ ಹೋದರು.

ಎನ್ವಿಸ್ಯಾಟ್ 27386. ನಾನು ಒತ್ತಿದ್ದು 27836. ಅದು ಬೇರೆ ಯಾವುದೋ ವಸ್ತು. ಹೆಸರು ನೋಡಬೇಕಿತ್ತು, ನೋಡಲಿಲ್ಲ. ಅರಿಶಿನ, ನೇರಳೆ, ಎರಡು ಹಸಿರು, ಬೂದಿ. ಬಣ್ಣ ಎಲ್ಲಾ ಕೂಡಿತ್ತು, ಹಾಗಾಗಿ ಸರಿ ಅನ್ನಿಸಿತು. ನಮ್ಮಂಥವರ ತೊಂದರೆ ಇದೇ. ತಪ್ಪಿದ್ದರೂ ಅನುಮಾನ ಬರುವುದಿಲ್ಲ. ಯಾವ ಯಾವ ಅಂಕಿ ಇವೆ ಅಂತ ಬಣ್ಣ ಹೇಳುತ್ತದೆ. ಯಾವುದರ ಮುಂದೆ ಯಾವುದು ಅಂತ ಹೇಳುವುದಿಲ್ಲ. ಅಕ್ಕಪಕ್ಕದ ಬಣ್ಣ ಒಂದೇ ಜಾತಿಯದಾದರೆ ಇನ್ನೂ ಫಜೀತಿ. ರಷ್ಯಾದ ಮನಶ್ಶಾಸ್ತ್ರಜ್ಞ ಲೂರಿಯಾ ವರ್ಷಗಟ್ಟಲೆ ಅಧ್ಯಯನ ಮಾಡಿದ ಶೆರೆಶೆವ್‌ಸ್ಕಿ ಎಂಬಾತನ ನೆನಪು ನನ್ನದಕ್ಕಿಂತ ಎಷ್ಟೋ ಪಾಲು ದೊಡ್ಡದು. ನೆನಪಿಡಬೇಕಾದದ್ದನ್ನು ಅವನು ಮನಸ್ಸಿನಲ್ಲೇ ಒಂದು ಬೀದಿಯುದ್ದಕ್ಕೂ ಇಡುತ್ತಾ ಹೋಗುತ್ತಿದ್ದ. ಒಮ್ಮೆ ಮೊಟ್ಟೆಯನ್ನು ಮರೆತ. ಯಾಕೆ ಅಂದರೆ ಬಿಳಿ ಗೋಡೆಯ ಮುಂದೆ ಇಟ್ಟಿದ್ದ, ಕಾಣಲಿಲ್ಲ. ಇದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು.

ದಾರಿ ಸಿಕ್ಕಿದ್ದು ಅಪ್ಪನಿಂದ. ನನ್ನ ಗೋಳು ಕೇಳಿ, “ಸೀರಿ ಬಣ್ಣ ಎಣಿಸಿದ್ರ ಆತೇನವಾ? ದಡಿಯಿಂದ ಹಿಡ್ಕೊಂಡು ನೋಡಬೇಕು” ಅಂದರು. ಈಗ ಹಾಗೇ ಮಾಡುತ್ತೇನೆ. ನಂಬರನ್ನು ಸೀರೆಯ ಹಾಗೆ ಹಾಸುತ್ತೇನೆ. ಮೊದಲ ಅಂಕಿ ದಡಿ, ನಡುವಿನ ಮೂರು ಒಡಲು, ಕೊನೆಯದು ಸೆರಗು. ಒಡಲಿನಲ್ಲಿ ಎರಡು ಹಸಿರು ಬಂದರೆ ಗಿಳಿಹಸಿರು ಮೊದಲೋ ನವಿಲುಹಸಿರು ಮೊದಲೋ ಅಂತ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. 27386ರಲ್ಲಿ ಗಿಳಿಹಸಿರು ಮೊದಲು. ಕೊನೆಗೆ “ಮುನ್ನೂರಾ ಎಂಬತ್ತಾರು” ಅಂತ ಗಟ್ಟಿಯಾಗಿ ಒಮ್ಮೆ. ಕಿವಿ ಕ್ರಮ ತಪ್ಪುವುದಿಲ್ಲ.

ಮಕ್ಕಳಿಗೆ ನನ್ನ ಬಣ್ಣಗಳಿಂದ ಏನೂ ಉಪಯೋಗವಿಲ್ಲ. ಅವರಿಗೆ ಹೇಳುವಾಗ ಇಳಕಲ್ಲಿನ ಗ್ರಾನೈಟ್ ಕ್ವಾರಿ ಜಾಸ್ತಿ ಕೆಲಸಕ್ಕೆ ಬರುತ್ತದೆ. ಕ್ವಾರಿಯಲ್ಲಿ ಸ್ಫೋಟ ಆದಾಗ ಹಾರಿದ ಚಕ್ಕೆ ಕೆಳಗೆ ಬೀಳುತ್ತದೆ, ಕಥೆ ಮುಗಿಯಿತು. ಮೇಲೆ ಹಾರಿದ ಚಕ್ಕೆ ಬೀಳುವುದೇ ಇಲ್ಲ ಅಂದುಕೊಳ್ಳಿ, ಸೆಕೆಂಡಿಗೆ ಏಳು ಕಿಲೋಮೀಟರ್ ವೇಗದಲ್ಲಿ ಊರು ಸುತ್ತುತ್ತಲೇ ಇರುತ್ತದೆ ಅಂದುಕೊಳ್ಳಿ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ ಅಮೆರಿಕದ ಇರಿಡಿಯಂ 33 ಉಪಗ್ರಹ ಮತ್ತು ಸತ್ತು ಎಷ್ಟೋ ವರ್ಷವಾಗಿದ್ದ ರಷ್ಯಾದ ಕಾಸ್ಮೋಸ್ 2251 ಡಿಕ್ಕಿ ಹೊಡೆದಾಗ ಪಟ್ಟಿಗೆ ಸೇರುವಂಥ ಚೂರುಗಳೇ ಎರಡು ಸಾವಿರಕ್ಕೂ ಹೆಚ್ಚಾದವು. ಆ ಚೂರು ಇನ್ನೊಂದಕ್ಕೆ ಬಡಿದರೆ ಮತ್ತಷ್ಟು ಚೂರು. 1978ರಲ್ಲೇ ನಾಸಾದ ವಿಜ್ಞಾನಿ ಕೆಸ್ಲರ್ ಇದನ್ನು ಲೆಕ್ಕ ಹಾಕಿ ಎಚ್ಚರಿಸಿದ್ದ.

ಒಬ್ಬ ಹುಡುಗ ಕೇಳಿದ, “ನಮ್ಮ ದೇಶದ್ದೂ ಐತೇನ್ರೀ ಕಸ?” ಇದೆ. 2001ರ ಡಿಸೆಂಬರ್‌ನಲ್ಲಿ ನಮ್ಮ ಪಿಎಸ್‌ಎಲ್‌ವಿ ಸಿ3 ರಾಕೆಟ್ಟಿನ ನಾಲ್ಕನೇ ಹಂತ ಮೇಲೆಯೇ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಆಮೇಲೆ, ಮತ್ತೆ ಹಾಗೆ ಸಿಡಿಯದಿರಲಿ ಅಂತ, ಇಸ್ರೋ ಕೆಲಸ ಮುಗಿದ ಹಂತದಲ್ಲಿ ಉಳಿದ ಇಂಧನವನ್ನು ಹೊರಬಿಡಲು ಶುರು ಮಾಡಿತು. 2019ರ ಮಾರ್ಚ್ 27ರಂದು ನಾವೇ ಕ್ಷಿಪಣಿ ಬಿಟ್ಟು ಒಂದು ಉಪಗ್ರಹ ಒಡೆದೆವು. ಅದು ಮುನ್ನೂರು ಕಿಲೋಮೀಟರಿಗಿಂತ ಕೆಳಗೆ ಇದ್ದದ್ದರಿಂದ, ಅಲ್ಲಿನ ತೆಳು ಗಾಳಿಗೆ ಸಿಕ್ಕಿ ಬಹುಪಾಲು ಚೂರು ಬೇಗ ಬಿದ್ದುಹೋದವು. 2007ರಲ್ಲಿ ಚೀನಾ ಒಡೆದಿದ್ದು 860 ಕಿಲೋಮೀಟರ್ ಆಸುಪಾಸಿನಲ್ಲಿ. ಅದರ ಚೂರುಗಳಲ್ಲಿ ಬಹಳಷ್ಟು ಇನ್ನೂ ಅಲ್ಲೇ ಇವೆ.

ಎನ್ವಿಸ್ಯಾಟ್ ಮುಂದಿನ ವಾರ ಸಿಕ್ಕಿತು. ಈ ಸಲ ಒಂಬತ್ತೇ ಮಕ್ಕಳು ಬಂದಿದ್ದರು. ಬೈನಾಕ್ಯುಲರ್‌ನಲ್ಲಿ ಮಂದ ಚುಕ್ಕೆ, ಉತ್ತರದಿಂದ ಇಳಿದು ಬಂತು. ಎಲ್ಲರ ಪಾಳಿ ಬರುವಷ್ಟರಲ್ಲಿ ಹೋಗಿಬಿಟ್ಟಿತು. ನೋಡಿದವರು ಐವರು. ಉಳಿದ ನಾಲ್ವರು ಮುಖ ಸಪ್ಪೆ ಮಾಡಿಕೊಂಡರು. ಇನ್ನರ್ಧ ತಾಸಿಗೆ 22220 ಇತ್ತು, ಅದು ಬರಿಗಣ್ಣಿಗೂ ಕಾಣುತ್ತದೆ, ಕೂಡ್ರಿ ಅಂದೆ. ನಂಬರ್ ಒತ್ತುವ ಮುಂಚೆ ಪುಸ್ತಕ ತೆಗೆದು ಹೆಸರೂ ನೋಡಿದೆ.