ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಪ್ರಾಣಿ ನೋಡಬೇಕಾದರೆ ಸೇಜ್ ಕ್ರೀಕ್ ರಸ್ತೆ ಹಿಡಿಯಿರಿ

ಮೌಂಟ್ ರಶ್‌ಮೋರ್ ನೋಡಲು ಹೊರಟ ನಮ್ಮವರು ಅಮೆರಿಕದ ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕಿನಲ್ಲಿ ಎರಡು ತಾಸು ನಿಂತು, ಫೋಟೊ ತೆಗೆದು ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ರಾತ್ರಿ ಪಕ್ಕದ ವಾಲ್ ಊರಿನಲ್ಲಿ ಉಳಿಯಿರಿ. ಬೆಳಗ್ಗೆ ಬೆಳಕು ಹರಿಯುವ ಮುಂಚೆ ಹೊರಡಿ. ನಮ್ಮ ಹಾಗೆ ಮಿನಿಯಾಪೊಲಿಸ್ ಕಡೆಯಿಂದ ಬರುವವರು, ಇಲ್ಲಿ ಸಮಯ ವಲಯ ಬೇರೆ, ಗಡಿಯಾರ ಒಂದು ತಾಸು ಹಿಂದಕ್ಕೆ ಹಾಕಿಕೊಳ್ಳಿ.

ವಾಲ್ ಕಡೆಯಿಂದ ಪಾರ್ಕಿನ ಪಿನಕಲ್ಸ್ ಗೇಟ್ ದಾಟಿದ ಮೇಲೆ ಬಲಕ್ಕೆ ಸೇಜ್ ಕ್ರೀಕ್ ರಿಮ್ ರೋಡ್ ಸಿಗುತ್ತದೆ. ಜಲ್ಲಿ ರಸ್ತೆ. ಮುಂದೆ ಕುಡಿಯುವ ನೀರು ಸಿಗುವುದಿಲ್ಲ, ವಾಲ್‌ನಲ್ಲೇ ತುಂಬಿಸಿಕೊಳ್ಳಿ. ಸುಮಾರು ಐದು ಮೈಲಿ ಹೋದರೆ ರಾಬರ್ಟ್ಸ್ ಪ್ರೇರೀ ಡಾಗ್ ಟೌನ್. ಪ್ರೇರೀ ಡಾಗ್ ನಾಯಿಯಲ್ಲ, ಬಿಲದಲ್ಲಿರುವ ಅಳಿಲಿನ ಜಾತಿ. ಇಲ್ಲಿ ಕಾರಿನ ಇಂಜಿನ್ ಆರಿಸಿ, ಕಿಟಕಿ ಇಳಿಸಿ, ಇಪ್ಪತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಮೊದಲು ಎಲ್ಲ ಬಿಲದೊಳಗೆ ಓಡುತ್ತವೆ. ಆಮೇಲೆ ಒಂದೊಂದೇ ತಲೆ ಹೊರಗೆ ಬರುತ್ತದೆ. ಚಿಕ್ ಚಿಕ್ ಎಂದು ಕೂಗು ಜೋರಾಯಿತೋ, ಆಕಾಶ ನೋಡಿ, ಹುಲ್ಲಿನ ಅಂಚು ನೋಡಿ. ಗಿಡುಗವೋ, ನರಿಯಂಥ ಕಾಯೋಟಿಯೋ ಬಂದಿರುತ್ತದೆ. ತಿಂಡಿ ಮಾತ್ರ ಹಾಕಬೇಡಿ. ಇವುಗಳ ಚಿಗಟದಿಂದ ಪ್ಲೇಗ್ ಹರಡುತ್ತದೆ, ಬಿಲದ ಹತ್ತಿರವೂ ಹೋಗಬಾರದು.

ಈ ಬಿಲಗಳನ್ನೇ ನಂಬಿ ಬದುಕುವ ಇನ್ನೊಂದು ಪ್ರಾಣಿಯಿದೆ, ನೋಡಲು ಮುಂಗುಸಿಯಂತಿರುವ ಕಪ್ಪು ಕಾಲಿನ ಫೆರೆಟ್. ಪ್ರೇರೀ ಡಾಗ್ ಇಲ್ಲದಿದ್ದರೆ ಅದಕ್ಕೆ ಊಟವೂ ಇಲ್ಲ, ಮನೆಯೂ ಇಲ್ಲ. ಅಳಿದೇ ಹೋಯಿತು ಅಂದುಕೊಂಡಿದ್ದಾಗ 1981ರಲ್ಲಿ ವಯೋಮಿಂಗ್‌ನಲ್ಲಿ ಕೆಲವು ಸಿಕ್ಕವು. ಸಾಕಿ ಮರಿ ಮಾಡಿಸಿ, 1994ರಿಂದ ಇಲ್ಲಿ ಬಿಟ್ಟರು. ರಾತ್ರಿ ತಿರುಗುವ ಪ್ರಾಣಿ, ನಾನಂತೂ ಒಮ್ಮೆಯೂ ಕಂಡಿಲ್ಲ. ಆದರೂ ಆ ಬಿಲಗಳ ಮುಂದೆ ಕೂತಾಗಲೆಲ್ಲ, ಒಳಗೆಲ್ಲೋ ಒಂದು ಮಲಗಿರಬಹುದು ಎನ್ನಿಸಿ ಮನಸ್ಸು ತುಂಬುತ್ತದೆ.

ಬೈಸನ್ ಎಂಬ ಭಾರೀ ಕಾಡು ದನಗಳೂ ಇದೇ ರಸ್ತೆಯಲ್ಲಿ ಸಿಗುತ್ತವೆ. 1963ರಲ್ಲಿ ಮತ್ತೆ ತಂದು ಬಿಟ್ಟವುಗಳ ಸಂತತಿ. ಕನಿಷ್ಠ 100 ಗಜ ದೂರ ಇರಿ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಬೆರಳಿನ ಹಿಂದೆ ಇಡೀ ಪ್ರಾಣಿ ಮರೆಯಾಗದಿದ್ದರೆ ನೀವು ಜಾಸ್ತಿ ಹತ್ತಿರ ಇದ್ದೀರಿ. ಬಾಲ ನೆಟ್ಟಗೆ ಎತ್ತಿತೆಂದರೆ ಸಿಟ್ಟು ಬಂದಿದೆ, ಕೂಡಲೇ ಹಿಂದೆ ಸರಿಯಿರಿ. ಜುಲೈ, ಆಗಸ್ಟ್‌ನಲ್ಲಿ ಹೋರಿಗಳು ಕಾದಾಡುವ ಕಾಲ, ಕಾರಿನಿಂದ ಇಳಿಯದಿರುವುದೇ ಒಳ್ಳೆಯದು.

ಮಳೆ ಮೋಡ ಕಂಡರೆ ಡಾಂಬರು ರಸ್ತೆಗೆ ವಾಪಸ್ ಬನ್ನಿ. ಇಲ್ಲಿನ ಜೇಡಿಮಣ್ಣು ನೆಂದರೆ ಕಾಲು ನಿಲ್ಲುವುದಿಲ್ಲ. ನವಲಗುಂದದ ಎರೆ ಹೊಲದಲ್ಲಿ ದುಡಿದ ನಮ್ಮಪ್ಪನನ್ನು ಕರೆದುಕೊಂಡು ಹೋಗಿದ್ದಾಗ ಒಂದು ಸಣ್ಣ ಮಳೆ ಬಂತು. ಅವರು ಬೂಟಿಗೆ ಮೆತ್ತಿದ ಮಣ್ಣನ್ನು ಬೆರಳಿನಲ್ಲಿ ಹಿಚುಕಿ ನೋಡಿ, "ನಮ್ಮ ಎರಿ ಮಣ್ಣಿನ ಗತೀನ ಐತಿ ಬಿಡವಾ, ಗಾಡಿ ತಿರುಗಿಸು" ಅಂದರು.