ಮನೆಯ ನೀರಿನ ವ್ಯವಸ್ಥೆ: ಅರಿತುಕೊಳ್ಳುವ ಮತ್ತು ಕಾಪಾಡಿಕೊಳ್ಳುವ ಬಗೆ

ಮನೆಯೊಳಗೆ ನೀರಿಗೆ ಎರಡು ದಾರಿಗಳಿವೆ. ಒಳಗೆ ಬರುವ ನೀರು ಒತ್ತಡದಿಂದ ಬರುತ್ತದೆ. ಬಳಸಿದ ಮೇಲೆ ಹೊರಗೆ ಹೋಗುವ ನೀರು ಇಳಿಜಾರನ್ನೇ ನಂಬಿ ಹೋಗುತ್ತದೆ. ಆದ್ದರಿಂದ ಮೊದಲ ದಾರಿಯ ಮುಖ್ಯ ತೊಂದರೆ ಸೋರಿಕೆಯಾದರೆ, ಎರಡನೆಯದರದ್ದು ಕಟ್ಟಿಕೊಳ್ಳುವುದು. ಚಾವಣಿಯ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ದೊರೆಯುತ್ತದೆ. ಟ್ಯಾಂಕಿನ ನೇರ ಕೆಳಗಿರುವ ಸ್ನಾನಗೃಹದಲ್ಲಿ ಶವರ್ ಮಂದವಾಗಿ, ನೆಲಮಹಡಿಯಲ್ಲಿ ರಭಸವಾಗಿ ಸುರಿಯುವುದು ಈ ಕಾರಣಕ್ಕೆ. ಅದನ್ನು ಕೊಳವೆಯ ದೋಷವೆಂದು ಭಾವಿಸಬೇಕಾಗಿಲ್ಲ. ಆದರೆ ಒಂದೇ ನಲ್ಲಿಯಲ್ಲಿ ಮಾತ್ರ ನೀರು ಕಡಿಮೆಯಾಗಿದ್ದರೆ, ಅದರ ತುದಿಯ ಜಾಲರಿಯನ್ನು ಬಿಚ್ಚಿ, ಕಟ್ಟಿಕೊಂಡ ಸುಣ್ಣದ ಅಂಶವನ್ನು ವಿನೆಗರ್‌ನಲ್ಲಿ ನೆನೆಸಿ ತೆಗೆಯಬೇಕು.

ಉಪಕರಣಗಳನ್ನು ಕೊಳ್ಳುವುದಕ್ಕೂ ಮೊದಲು ಆಗಬೇಕಾದ ಕೆಲಸವೆಂದರೆ, ನೀರನ್ನು ಎಲ್ಲೆಲ್ಲಿ ನಿಲ್ಲಿಸಬಹುದೆಂದು ಮನೆಯವರೆಲ್ಲರೂ ತಿಳಿದುಕೊಳ್ಳುವುದು. ಮುಖ್ಯ ವಾಲ್ವ್, ಟ್ಯಾಂಕಿನ ಹೊರಹರಿವಿನ ವಾಲ್ವ್, ಪ್ರತಿ ಸಿಂಕ್ ಮತ್ತು ಫ್ಲಶ್ ಟ್ಯಾಂಕಿನ ಕೆಳಗಿರುವ ಸಣ್ಣ ವಾಲ್ವ್ ಇವುಗಳನ್ನು ಗುರುತಿಸಿ, ಯಾವುದು ಯಾವ ಕೋಣೆಯ ನೀರನ್ನು ತಡೆಯುತ್ತದೆಂದು ಚೀಟಿ ಅಂಟಿಸಿಡುವುದು ಒಳ್ಳೆಯದು. ವರ್ಷಗಟ್ಟಲೆ ಮುಟ್ಟದ ವಾಲ್ವ್ ತುಕ್ಕು ಅಥವಾ ಸುಣ್ಣ ಹಿಡಿದು ಬಿಗಿದುಕೊಳ್ಳುವುದರಿಂದ, ಆರು ತಿಂಗಳಿಗೊಮ್ಮೆಯಾದರೂ ಪ್ರತಿಯೊಂದನ್ನೂ ಮುಚ್ಚಿ ತೆರೆಯಬೇಕು. ಬಿಗಿದುಕೊಂಡದ್ದನ್ನು ಪಾನ (ಸ್ಪ್ಯಾನರ್) ಹಾಕಿ ಬಲವಂತವಾಗಿ ತಿರುಗಿಸಿದರೆ ಅದರ ದಂಡವೇ ಮುರಿಯಬಹುದು. ಅಂಥದ್ದನ್ನು, ಬಿಡುವಿನ ದಿನ ನೋಡಿ, ಕಾಲು ಸುತ್ತಿನಲ್ಲಿ ಮುಚ್ಚುವ ಬಾಲ್ ವಾಲ್ವ್‌ಗೆ ಬದಲಾಯಿಸಿಕೊಳ್ಳುವುದೇ ಲೇಸು.

ಕಣ್ಣಿಗೆ ಕಾಣದ ಸೋರಿಕೆಯನ್ನು ಹಿಡಿಯುವುದು ಕಷ್ಟವಲ್ಲ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಟ್ಯಾಂಕಿಗೂ ನೀರು ಏರಿಸದೆ, ಯಾರೂ ನೀರು ಬಳಸುವ ಮೊದಲೇ ಬೆಳಿಗ್ಗೆ ಮತ್ತೆ ನೋಡಿದರೆ ಸಾಕು. ಟ್ಯಾಂಕಿನ ನೀರಿನ ಮಟ್ಟವನ್ನೂ ಹೀಗೆಯೇ ಗುರುತು ಹಾಕಿ ನೋಡಬೇಕು. ಸದ್ದಿಲ್ಲದೆ ಹೆಚ್ಚು ನೀರು ಕಳೆಯುವುದು ಸಾಮಾನ್ಯವಾಗಿ ಫ್ಲಶ್ ಟ್ಯಾಂಕು: ಅದರೊಳಗೆ ಕೆಲವು ಹನಿ ತಿಂಡಿಯ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟಾಗ ಕಮೋಡಿನಲ್ಲಿ ಬಣ್ಣ ಕಾಣಿಸಿಕೊಂಡರೆ, ತಳದ ರಬ್ಬರ್ ಸವೆದಿದೆ ಎಂದರ್ಥ. ತೊಟ್ಟಿಕ್ಕುವ ನಲ್ಲಿಯನ್ನೂ ಹಗುರವಾಗಿ ಕಾಣಬಾರದು. ಹತ್ತು ನಿಮಿಷದಲ್ಲಿ 100 ಮಿಲಿಲೀಟರ್ ನೀರು ಲೋಟದಲ್ಲಿ ನಿಂತರೆ, ದಿನಕ್ಕೆ 14 ಲೀಟರಿಗೂ ಹೆಚ್ಚು ನೀರು ವ್ಯರ್ಥವಾಗುತ್ತಿರುತ್ತದೆ.

ಹಲವು ಸುತ್ತು ತಿರುಗುವ ಹಳೆಯ ಬಗೆಯ ನಲ್ಲಿಯ ಬಾಯಿಂದ ನೀರು ತೊಟ್ಟಿಕ್ಕಿದರೆ ದೋಷವಿರುವುದು ಬಹುಮಟ್ಟಿಗೆ ಒಳಗಿನ ವಾಷರಿನಲ್ಲಿ, ಅಂದರೆ ನೀರನ್ನು ತಡೆಯುವ ರಬ್ಬರ್ ಬಿಲ್ಲೆಯಲ್ಲಿ. ಹಿಡಿಯ ಬುಡದಲ್ಲಿ ಜಿನುಗಿದರೆ ಅಲ್ಲಿನ ರಬ್ಬರ್ ಉಂಗುರದಲ್ಲಿ. ಮೊದಲು ವಾಲ್ವ್ ಮುಚ್ಚಿ, ನಲ್ಲಿಯನ್ನು ತೆರೆದು ಉಳಿದ ನೀರನ್ನು ಬಸಿದುಬಿಡಬೇಕು. ಸಣ್ಣ ತಿರುಪುಗಳು ಜಾರಿ ಹೋಗದಂತೆ ಸಿಂಕಿನ ರಂಧ್ರಕ್ಕೆ ಬಟ್ಟೆ ತುರುಕಬೇಕು. ಹಿಡಿಯನ್ನು ತೆಗೆದು ಒಳಗಿನ ಭಾಗವನ್ನು ಪಾನದಿಂದ ಬಿಚ್ಚುವಾಗ, ಇನ್ನೊಂದು ಪಾನದಿಂದ ನಲ್ಲಿಯ ಒಡಲನ್ನು ಹಿಡಿದಿರಬೇಕು. ಇಲ್ಲವಾದರೆ ಆ ತಿರುಚು ಗೋಡೆಯೊಳಗಿನ ಕೊಳವೆಯ ಜೋಡಣೆಗೆ ತಗಲಿ ಅದು ಬಿರುಕು ಬಿಡಬಹುದು. ಹೊಸ ವಾಷರ್ ಹಾಕುವ ಮುನ್ನ, ಅದು ಕೂರುವ ಲೋಹದ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ ನೋಡಬೇಕು. ಅಂಚು ಒರಟಾಗಿದ್ದರೆ ಹೊಸ ವಾಷರೂ ಬೇಗನೆ ಹರಿಯುತ್ತದೆ. ಕಾಲು ಸುತ್ತು ತಿರುಗುವ ನಲ್ಲಿಗಳಲ್ಲಿ ಸಾಮಾನ್ಯವಾಗಿ ವಾಷರಿನ ಬದಲು ಸೆರಾಮಿಕ್ ಕಾರ್ಟ್ರಿಜ್ ಇರುವುದರಿಂದ ಅದನ್ನು ಇಡಿಯಾಗಿಯೇ ಬದಲಾಯಿಸಬೇಕು.

ಹೊರಹರಿವಿನ ಕೊಳವೆಗೆ ಮೀಟರಿಗೆ ಸುಮಾರು 20 ಮಿಲಿಮೀಟರ್ ಇಳಿಜಾರು ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಸಿಂಕಿನ ಕೆಳಗಿನ ಬಾಗಿದ ಟ್ರ್ಯಾಪಿನಲ್ಲಿ ಸದಾ ನಿಂತಿರುವ ನೀರು ಚರಂಡಿಯ ಅನಿಲ ಮನೆಯೊಳಗೆ ಬಾರದಂತೆ ತಡೆಯುತ್ತದೆ. ಬಳಸದ ಬಚ್ಚಲಿನಲ್ಲಿ ಈ ನೀರು ಆರಿಹೋದಾಗ ದುರ್ವಾಸನೆ ಏಳುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿದರೆ ಆ ವಾಸನೆ ನಿಲ್ಲುತ್ತದೆ.

ಸಿಂಕ್ ಕಟ್ಟಿಕೊಂಡಾಗ ರಾಸಾಯನಿಕ ಪುಡಿಗೆ ಕೈ ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಕಾಸ್ಟಿಕ್ ಸೋಡಾ ನೀರಿನೊಡನೆ ಸೇರಿ ಬಿಸಿಯೇರಿ ಪ್ಲಾಸ್ಟಿಕ್ ಕೊಳವೆಯನ್ನು ಸೊಟ್ಟಗಾಗಿಸಬಹುದು, ಚರ್ಮವನ್ನೂ ಸುಡುತ್ತದೆ. ಆಮ್ಲವೂ ಬ್ಲೀಚೂ ಬೆರೆತರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಪ್ಲಂಜರಿನ (ಹಿಡಿಯ ತುದಿಯಲ್ಲಿ ರಬ್ಬರ್ ಬಟ್ಟಲಿರುವ ಸಾಧನ) ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸಿ, ಸಿಂಕಿನ ಮೇಲಂಚಿನ ರಂಧ್ರವನ್ನು ಒದ್ದೆ ಬಟ್ಟೆಯಿಂದ ಮುಚ್ಚಿ ಒತ್ತಿದರೆ ಹೆಚ್ಚಿನ ಅಡಚಣೆಗಳು ಸಡಿಲವಾಗುತ್ತವೆ. ಅದಕ್ಕೂ ಬಗ್ಗದಿದ್ದರೆ, ಕೆಳಗೆ ಬಕೆಟ್ ಇಟ್ಟು ಟ್ರ್ಯಾಪನ್ನೇ ಬಿಚ್ಚಿ ತೊಳೆಯಬಹುದು. ಸಿಂಕ್, ಬಚ್ಚಲು, ಕಮೋಡು ಮೂರರಲ್ಲೂ ನೀರು ಒಟ್ಟಿಗೆ ಹಿಂದಕ್ಕೆ ಬರುತ್ತಿದ್ದರೆ ಮುಖ್ಯ ಕೊಳವೆಯೇ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಆಗ ಮನೆಯಲ್ಲಿ ನೀರಿನ ಬಳಕೆಯನ್ನು ಪೂರ್ತಿ ನಿಲ್ಲಿಸಿ, ನುರಿತ ಪ್ಲಂಬರನ್ನು ಕರೆಸಬೇಕು.