ಬಟನ್ ಒಂದೊಂದು ಬ್ರೌಸರಿನಲ್ಲಿ ಒಂದೊಂದು ಥರ: ನನ್ನ ಅನುಭವ

ದಾವಣಗೆರೆಯ ಹೋಟೆಲೊಂದರ ಆರ್ಡರ್ ಪುಟ. ‘ಬೆಣ್ಣೆ ದೋಸೆ ಸೇರಿಸಿ’ ಬಟನ್ ಕ್ರೋಮ್‌ನಲ್ಲಿ ಸರಿಯಿತ್ತು. ಐಫೋನ್ ಸಫಾರಿಯಲ್ಲಿ ಅಕ್ಷರ ನೀಲಿ, ಫೈರ್‌ಫಾಕ್ಸ್‌ನಲ್ಲಿ ಅಗಲವೇ ಬೇರೆ.

ಸಿಎಸ್ಎಸ್‌ನಲ್ಲಿ (ಪುಟದ ರೂಪ ಹೇಳುವ ಭಾಷೆ) ಬಣ್ಣದ ಸಾಲಿಗೆ !important (ಬೇರೆ ಸ್ಟೈಲನ್ನು ಮೀರಿಸುವ ಗುರುತು) ಹಾಕಿದರೆ ಬಣ್ಣ ಮಾತ್ರ ಸರಿಹೋಯಿತು. ಬಟನ್‌ನ ಹೈಟ್ ಇಷ್ಟೇ ಎಂದು ಕಟ್ಟಿಹಾಕಿದರೆ ‘ಣ್ಣೆ’ಯ ಒತ್ತು ಕೆಳಗಿನ ಗೆರೆಗೆ ತಾಗಿತು. ಕಾರಣ ಇಷ್ಟೇ: ಬಾಡಿ ಟ್ಯಾಗ್‌ಗೆ (ಇಡೀ ಪುಟಕ್ಕೆ) ಕೊಟ್ಟ ಫಾಂಟ್ ಬಟನ್‌ಗೆ ತಾನಾಗಿ ಇಳಿಯುವುದಿಲ್ಲ. ಬಟನ್‌ಗೆಂದೇ ಪ್ರತಿ ಬ್ರೌಸರಿನೊಳಗೆ ಬೇರೆ ಸ್ಟೈಲ್ ಇದೆ, ಕ್ರೋಮ್‌ನಲ್ಲಿ ಅಕ್ಷರ 13.333 ಪಿಕ್ಸೆಲ್.

ಕೆಲಸ ಮಾಡಿದ್ದು ಇದು: ಬಟನ್ ಟ್ಯಾಗ್, ಸಬ್ಮಿಟ್ ಇನ್‌ಪುಟ್ (ಫಾರ್ಮ್ ಕಳಿಸುವ ಬಟನ್) ಎರಡಕ್ಕೂ ಒಂದೇ ರೂಲ್. ಮೊದಲು ಬ್ರೌಸರಿನ ಸ್ವಂತ ರೂಪ ತೆಗೆಯುವ appearance: none ಸಾಲು, ಹೆಸರಿನ ಮುಂದೆ -webkit- ಪ್ರಿಫಿಕ್ಸ್ ಸೇರಿಸಿ (ಸಫಾರಿ 15.4ಕ್ಕಿಂತ ಹಳೆಯದಕ್ಕೆ ಬೇಕೇ ಬೇಕು), ಅದರ ಕೆಳಗೆ ಪ್ರಿಫಿಕ್ಸ್ ಇಲ್ಲದ್ದು. ಮಾರ್ಜಿನ್ 0, ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ (ಅಗಲದ ಲೆಕ್ಕದಲ್ಲಿ ಪ್ಯಾಡಿಂಗ್, ಬಾರ್ಡರ್ ಕೂಡ ಸೇರಲಿ ಎಂದು). ಮುಂದೆ ಫಾಂಟ್ ಇನ್ಹೆರಿಟ್ (ಹೊರಗಿನ ಫಾಂಟನ್ನೇ ಬಟನ್‌ಗೂ ಕೊಡುವುದು), ಅದಾದ ಮೇಲೆಯೇ ಲೈನ್-ಹೈಟ್ 1.5. ಈ ಎರಡು ಸಾಲು ಅದಲುಬದಲಾದರೆ ಫಾಂಟ್ ಶಾರ್ಟ್‌ಹ್ಯಾಂಡ್ (ಫಾಂಟಿನ ಗುಣಗಳನ್ನೂ ಲೈನ್-ಹೈಟನ್ನೂ ಒಟ್ಟಿಗೆ ಹೇಳುವ ಸಾಲು) ನೀವು ಬರೆದ ಲೈನ್-ಹೈಟನ್ನು ಅಳಿಸಿಹಾಕುತ್ತದೆ, ಒತ್ತಕ್ಷರದ ತೊಂದರೆ ಮತ್ತೆ ಶುರು. ಆಮೇಲೆ ಕಲರ್, ಬ್ಯಾಕ್‌ಗ್ರೌಂಡ್, ಬಾರ್ಡರ್ 1 ಪಿಕ್ಸೆಲ್, ರೇಡಿಯಸ್ 6, ಪ್ಯಾಡಿಂಗ್ ಮೇಲೆ ಕೆಳಗೆ 10, ಪಕ್ಕಕ್ಕೆ 18. ಕಲರ್ ಬರೆಯದಿದ್ದರೆ ಐಫೋನಿನ ನೀಲಿ ಹೋಗುವುದಿಲ್ಲ. ಹೈಟ್ ಬೇಡವೇ ಬೇಡ.

ಔಟ್‌ಲೈನ್ (ಆಯ್ಕೆಯಾದ ಬಟನ್ ಸುತ್ತಲಿನ ಗೆರೆ) ತೆಗೆಯಬೇಡಿ, ಕೀಬೋರ್ಡ್ ಬಳಸುವವರಿಗೆ :focus-visible (ಕೀಬೋರ್ಡಿನಿಂದ ಬಟನ್‌ಗೆ ಬಂದಾಗ ಅನ್ವಯಿಸುವ ರೂಲ್) ನಲ್ಲಿ 2 ಪಿಕ್ಸೆಲ್ ಗೆರೆ ಇರಲಿ.